ಕಟ್ಟಿಸಿದವರು, ಕಟ್ಟಿದವರು

ರಾತ್ರಿ ಊಟ ಮುಗಿಸಿ ರೇಡಿಯೋ ಹಾಕಿದಿರೆನ್ನಿ. ಅಂದು ಕರ್ನಾಟಕ ಸಂಗೀತದ ಕಚೇರಿ. ನಿಲಯದ ಉದ್ಘೋಷಕರು ಹಾಡುವವರ ಹೆಸರನ್ನು ಹೇಳುತ್ತಾರೆ, ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಪಿಟೀಲು ಯಾರದು, ಮೃದಂಗ ಯಾರದು, ಘಟ ಯಾರದು ಎಂದು ಒಂದೊಂದೇ ಹೆಸರನ್ನು ತಿಳಿಸಿ, ಆಮೇಲೆ ಕಚೇರಿಗೆ ದಾರಿ ಬಿಡುತ್ತಾರೆ. ನಮ್ಮಲ್ಲಿ ಬಹುಮಂದಿ ಆ ಅರ್ಧ ನಿಮಿಷವನ್ನು ಕುರ್ಚಿ ಎಳೆದುಕೊಳ್ಳುವುದಕ್ಕೋ ಎಲೆಅಡಿಕೆಯ ತಟ್ಟೆ ಹುಡುಕುವುದಕ್ಕೋ ಕಳೆಯುತ್ತೇವೆ. ಕಚೇರಿ ಮುಗಿದ ಮೇಲೆ “ಏನು ಹಾಡಿದರು!” ಎಂದು ತಲೆದೂಗುತ್ತೇವೆ. ಮೃದಂಗದವರ ಹೆಸರೇನೆಂದು ಯಾರಾದರೂ ಕೇಳಿದರೆ ತಬ್ಬಿಬ್ಬಾಗುತ್ತೇವೆ. ಆ ಹೆಸರು ನಮ್ಮ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಮುಟ್ಟಿರಲಿಲ್ಲ.

ಮೆಚ್ಚುಗೆ ಎಂದರೇನು? ಹೊಗಳಿಕೆಯೇ ಮೆಚ್ಚುಗೆಯೇ? ಅಲ್ಲವೆಂದು ನನಗೆ ತೋರುತ್ತದೆ. ಹೊಗಳಿಕೆಗೆ ಎದುರಿಗಿರುವವನ ಸ್ಥಾನವೊಂದು ಸಾಕು. ಮೆಚ್ಚುಗೆಗಾದರೆ ಅವನು ಮಾಡಿದ ಕೆಲಸವನ್ನು ಕಣ್ಣಾರೆ ನೋಡಬೇಕು, ಮಾಡಿದವನು ಯಾರೆಂದು ವಿಚಾರಿಸಬೇಕು. ಈ ಮಾತನ್ನು ನೀತಿಪಾಠವಾಗಿ ಹೇಳುವುದಕ್ಕಿಂತ ನಮ್ಮ ಚಿತ್ರದುರ್ಗದ ಸೀಮೆಯ ಇತಿಹಾಸವನ್ನೇ ಮುಂದಿಟ್ಟುಕೊಂಡು ನೋಡುವುದು ಲೇಸು. ಏಕೆಂದರೆ ಇದು ಕಲ್ಲಿನ ಸೀಮೆ. ಇಲ್ಲಿ ಯಾರ ಹೆಸರು ಕಲ್ಲಿನ ಮೇಲೆ ನಿಂತಿತು, ಯಾರ ಹೆಸರು ಮಣ್ಣುಪಾಲಾಯಿತು ಎಂಬುದನ್ನು ಇಂದಿಗೂ ಕೈಯಿಂದ ತಡವಿ ನೋಡಬಹುದು.

ಜಿಲ್ಲೆಯ ಉತ್ತರದ ಅಂಚಿನಿಂದ ಆರಂಭಿಸೋಣ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸರು ಇವುಗಳನ್ನು ಕಂಡುಹಿಡಿದರು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯವನ್ನೇ ನುಡಿಯಬೇಕು, ಗುರುವನ್ನು ಶಿಷ್ಯನು ಗೌರವಿಸಬೇಕು ಎಂಬ ಬೋಧೆ ಅಲ್ಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಇದನ್ನು ಬರೆದವನು ಚಪಡ ಎಂದಿದೆ. ಅವನು ತನ್ನ ಹೆಸರಿನ ಜೊತೆಗೆ ಲಿಪಿಕಾರನೆಂಬ ತನ್ನ ಕಸುಬಿನ ಹೆಸರನ್ನೂ ಹೇಳಿಕೊಂಡಿದ್ದಾನೆ. ಆ ಕಸುಬಿನ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ದೂರದ ವಾಯವ್ಯ ಗಡಿನಾಡಿನಲ್ಲಿ ರೂಢಿಯಲ್ಲಿದ್ದದ್ದು. ಅವನು ಆ ಕಡೆಯಿಂದ ಬಂದವನಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಸ್ವಲ್ಪ ಯೋಚಿಸಿ. ಈ ಬಂಡೆಗಳ ನಾಡಿನಲ್ಲಿ ಆ ಅಕ್ಷರವನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಆದರೂ ಅವನು ಬರೆದ. ಚಕ್ರವರ್ತಿಯ ಮಾತು ಚಕ್ರವರ್ತಿಯದು, ಅಕ್ಷರ ತನ್ನದು ಎಂಬ ಅಭಿಮಾನ ಅವನದು. ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳಾದ ಮೇಲೆ ಅವನ ಹೆಸರನ್ನು ನಾವು ಓದುತ್ತಿದ್ದೇವೆ. ಕೆಲಸಗಾರನೊಬ್ಬ ಕಲ್ಲಿನ ಅಂಚಿನಲ್ಲಿ ನಿಂತು “ನಾನೂ ಇದ್ದೆ” ಎಂದು ಕೈಯೆತ್ತಿದಂತಿದೆ.

ಎಲ್ಲರಿಗೂ ಈ ಭಾಗ್ಯ ದೊರೆಯಲಿಲ್ಲ. ಚಿತ್ರದುರ್ಗದ ಮಗ್ಗುಲಿಗೇ ಇರುವ ಚಂದ್ರವಳ್ಳಿಗೆ ಬನ್ನಿ. ಅಲ್ಲಿ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ; ನಾಲ್ಕನೆಯ ಶತಮಾನದ್ದು. ೧೯೨೯ರ ಸುಮಾರಿನಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಮಯೂರಶರ್ಮನು ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಪಲ್ಲವರೇ ಮೊದಲಾದ ಆ ಕಾಲದ ಅರಸುಮನೆತನಗಳ ಹೆಸರುಗಳೂ ಇವೆ. ಅಗೆದವರ ಹೆಸರು, ಬುಟ್ಟಿ ಹೊತ್ತವರ ಹೆಸರು, ಏರಿಯ ಮೇಲೆ ಕಲ್ಲು ಜೋಡಿಸಿದವರ ಹೆಸರು ಇಲ್ಲ.

ನಮ್ಮ ಕನ್ನಡದ ವ್ಯಾಕರಣವನ್ನು ಇಲ್ಲಿ ಗಮನಿಸಬೇಕು. ‘ಕಟ್ಟಿದ’ ಎಂಬ ಮಾತಿನ ನಡುವೆ ಒಂದು ‘ಇಸು’ ಸೇರಿಸಿದರೆ ‘ಕಟ್ಟಿಸಿದ’ ಎಂದಾಗುತ್ತದೆ. ಅಷ್ಟು ಚಿಕ್ಕ ಪ್ರತ್ಯಯದಲ್ಲಿ ಇತಿಹಾಸದ ಅರ್ಧ ಮರೆಯಾಗಿಬಿಡುತ್ತದೆ. ದೇವಸ್ಥಾನ ಕಟ್ಟಿಸಿದವರನ್ನು ನಾವು ಬಲ್ಲೆವು, ಕಟ್ಟಿದವರನ್ನು ಅರಿಯೆವು. ಹೊಯ್ಸಳರ ಕಾಲದ ಶಿಲ್ಪಿಗಳು ಮಾತ್ರ ಇದಕ್ಕೆ ದೊಡ್ಡ ಅಪವಾದ. ದಾಸೋಜ, ಚಾವಣ, ಮಲ್ಲಿತಮ್ಮ ಎಂದು ವಿಗ್ರಹಗಳ ಪೀಠದಲ್ಲಿ ಅವರು ತಮ್ಮ ಹೆಸರು ಕೆತ್ತಿದರು. ಕೆತ್ತಲು ಒಡೆಯರು ಬಿಟ್ಟರು. ಈ ಬಿಡುವುದೂ ಒಂದು ಬಗೆಯ ಮೆಚ್ಚುಗೆಯೇ.

ಹಾಗೆಂದು ಹಿಂದಿನವರು ಮೆಚ್ಚಲು ಅರಿಯದವರೆಂದು ತಿಳಿಯಬಾರದು. ಮೆಚ್ಚುಗೆಯನ್ನು ಅವರು ಬಾಯಿಮಾತಿನಲ್ಲಿ ಮುಗಿಸುತ್ತಿರಲಿಲ್ಲ. ಕೆರೆ ಕಟ್ಟಿದವನಿಗೂ ಒಡೆದ ಏರಿಯನ್ನು ಸರಿಪಡಿಸಿದವನಿಗೂ ಬಿಟ್ಟ ಹೊಲಕ್ಕೆ ಕಟ್ಟುಕೊಡಗೆ ಎಂದು ಹೆಸರು. ಊರಿಗಾಗಿ ಹೋರಾಡಿ ರಕ್ತ ಸುರಿಸಿದವನ ಮನೆಯವರಿಗೆ ಬಿಟ್ಟದ್ದು ನೆತ್ತರುಕೊಡಗೆ. ವೀರನ ಕತ್ತಿಯನ್ನು ತೊಳೆದು ಗೌರವಿಸಿ ಕೊಟ್ಟ ಭೂಮಿ ಬಾಳ್ಗಚ್ಚು. ಈ ಮಾತುಗಳೆಲ್ಲ ನಮ್ಮ ಶಾಸನಗಳಲ್ಲಿ ಬರುತ್ತವೆ. ಮೆಚ್ಚುಗೆ ಎಂದರೆ ಸತ್ತವನ ಮನೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳುವುದು ಎಂಬ ತಿಳಿವಳಿಕೆ ಆ ಕಾಲದ ಹಳ್ಳಿಗರಿಗಿತ್ತು.

ನಮ್ಮ ಜಿಲ್ಲೆಯ ಹೊರಗಿನದಾದರೂ ಒಂದು ಉದಾಹರಣೆಯನ್ನು ಹೇಳದೆ ಬಿಡಲಾರೆ. ಮದ್ದೂರಿನ ಬಳಿಯ ಆತಕೂರಿನಲ್ಲಿ ಕ್ರಿ. ಶ. ೯೫೦ರ ಸುಮಾರಿನ ಒಂದು ಕಲ್ಲು ನಿಂತಿತ್ತು; ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ, ಮೆಚ್ಚಿದೆ, ಬೇಕಾದ್ದನ್ನು ಬೇಡಿಕೊ ಎಂಬ ಮಾತು ದೊರೆಯಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಉಣ್ಣಬಾರದೆಂಬ ಕಟ್ಟಳೆಯನ್ನೂ ಮಾಡಿದರು. ಒಂದು ನಾಯಿಯ ಕೆಲಸವನ್ನು ಊಟಕ್ಕೆ ಮುಂಚೆ ನೆನೆಯಬೇಕೆಂದ ನಾಡು ನಮ್ಮದು!

ಈಗ ದುರ್ಗದ ಬೆಟ್ಟಕ್ಕೆ ಮರಳೋಣ. ಏಳು ಸುತ್ತಿನ ಕೋಟೆಯನ್ನು ನೋಡಲು ಬಂದವರು ಅರಮನೆಯ ಹಾಳುಗೋಡೆಗಳ ಮುಂದೆ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಒಂದು ಕಿಂಡಿಯ ಮುಂದೆ ನಿಲ್ಲುತ್ತಾರೆ. ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ನುಸುಳಬಹುದಾದ ದಾರಿ ಅದು. ಹೈದರಾಲಿಯ ಸೇನೆ ಕೊನೆಯ ಮದಕರಿನಾಯಕನ ಕೋಟೆಗೆ ಮುತ್ತಿಗೆ ಹಾಕಿದ್ದ ಕಾಲ. ಕಾವಲುಗಾರ ಮುದ್ದಹನುಮ ಊಟಕ್ಕೆ ಕುಳಿತಿದ್ದ. ನೀರಿಗೆ ಹೋದ ಅವನ ಹೆಂಡತಿ ಓಬವ್ವನಿಗೆ ಕಿಂಡಿಯಲ್ಲಿ ಶತ್ರುಗಳ ಸುಳಿವು ಸಿಕ್ಕಿತು. ಉಣ್ಣುವವನನ್ನು ಎಬ್ಬಿಸಲಿಲ್ಲ, ಕೈಗೆ ಸಿಕ್ಕ ಒನಕೆ ಹಿಡಿದು ಕಿಂಡಿಯ ಬಳಿ ನಿಂತಳು. ತಲೆ ಹಾಕಿದವರನ್ನೆಲ್ಲ ಒಬ್ಬೊಬ್ಬರಾಗಿ ಬಡಿದುರುಳಿಸಿದಳು. ಅವಳು ಆ ದಿನವೇ ಮಡಿದಳೆಂದು ಕಥೆ ಹೇಳುತ್ತದೆ. ೧೭೭೯ರಲ್ಲಿ ಕೋಟೆ ಹೈದರನ ವಶವಾಯಿತು, ಪಾಳೆಯಪಟ್ಟು ಅಳಿಯಿತು.

ಓಬವ್ವನ ಹೆಸರನ್ನು ನಮ್ಮವರೆಗೆ ತಂದದ್ದು ಜನರ ನಾಲಗೆ. ಅಜ್ಜಿ ಮೊಮ್ಮಗಳಿಗೆ, ಮೊಮ್ಮಗಳು ತನ್ನ ಮಗಳಿಗೆ ಹೇಳುತ್ತ ಬಂದರು. ಜನ ಅವಳಿಗೆ ಕೊಟ್ಟ ಬಿರುದನ್ನು ನೋಡಿ. ಸೊಕ್ಕಿದ ಆನೆಯನ್ನು ಪಳಗಿಸಿದ್ದಕ್ಕೆ ಮದಕರಿ ಎಂಬ ಹೆಸರು ಬಂತೆಂದು ನಾಯಕರ ಮನೆತನದ ಐತಿಹ್ಯ. ಓಬವ್ವನಿಗೆ ಸಿಂಹವನ್ನೋ ಸಿಡಿಲನ್ನೋ ಜೋಡಿಸಲು ಜನರಿಗೆ ಬರುತ್ತಿರಲಿಲ್ಲವೆ? ಹಾಗೆ ಮಾಡಲಿಲ್ಲ. ಭತ್ತ ಕುಟ್ಟುವ ಒನಕೆಯನ್ನೇ ಅವಳ ಹೆಸರಿನ ಮುಂದಿಟ್ಟರು. ದಿನದಿನವೂ ದುಡಿದ ಕೈಗೆ ಅಂದು ಆ ಬಲ ಬಂದದ್ದು ಎಲ್ಲಿಂದ ಎಂಬುದು ಆ ಒಂದು ಮಾತಿನಲ್ಲಿದೆ. ಕೆಲಸವನ್ನು ನೋಡಿ ಇಟ್ಟ ಹೆಸರು ಅದು, ಅದಕ್ಕೇ ಬಾಳಿತು. ಬಹುಕಾಲದ ಮೇಲೆ ಉಳಿದವರೂ ಬಂದರು. ೧೯೭೨ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡ ಮೇಲೆ ನಾಡಿನ ಮೂಲೆಮೂಲೆಗೆ ಅವಳ ಕಥೆ ಹೋಯಿತು. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿಟ್ಟರು. ೨೦೨೧ರಿಂದ ಸರ್ಕಾರವೇ ನವೆಂಬರ್ ೧೧ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. ದೀನದಲಿತರ ಕೇರಿಯಿಂದ ಬಂದ ಹೆಣ್ಣುಮಗಳಿಗೆ ಸರ್ಕಾರದ ಗೌರವ ಸಲ್ಲಲು ಇನ್ನೂರ ನಲವತ್ತು ವರ್ಷ ಬೇಕಾಯಿತು. ಜನರ ಗೌರವಕ್ಕೆ ಅಷ್ಟು ಕಾಲ ಹಿಡಿಯಲಿಲ್ಲ.

ದುರ್ಗದಿಂದ ಹಿರಿಯೂರಿನ ಕಡೆಗೆ ಇಳಿದರೆ ಮಾರಿಕಣಿವೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಹಾಯ್ದುಹೋಗುವ ಇಕ್ಕಟ್ಟಿನ ಜಾಗ. ಕಣಿವೆ ಮಾರಮ್ಮನ ಸನ್ನಿಧಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೮ರ ಸುಮಾರಿಗೆ, ಇಲ್ಲಿ ಅಣೆಕಟ್ಟಿನ ಕೆಲಸ ಮೊದಲಾಯಿತು. ಮುಗಿದದ್ದು ೧೯೦೭ರಲ್ಲಿ. ರಾಜಪ್ರತಿನಿಧಿಯಾಗಿ ರಾಜ್ಯವಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಗೌರವಾರ್ಥ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರಾಯಿತು. ಸುಮಾರು ೩೦ ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಪೂರ್ಣಮಟ್ಟ ೧೩೦ ಅಡಿ. ಹಿರಿಯೂರಿನ ಬಯಲಿಗೆ ಇದರ ಕಾಲುವೆಗಳು ಹರಿದವು. ಹೊಸದುರ್ಗದ ಕಡೆಗೆ ಹಿನ್ನೀರು ಹರಡಿತು. ಒಂದೆಡೆ ತೋಟವೆದ್ದಿತು, ಇನ್ನೊಂದೆಡೆ ಊರುಮನೆ ಮುಳುಗಿತು. ಚಿತ್ರದುರ್ಗ, ಹಿರಿಯೂರುಗಳ ಮನೆಯ ನಲ್ಲಿಗೂ ಈ ಸಾಗರದ ನೀರು ಬರುತ್ತದೆ.

ಕಟ್ಟಿಸಿದವರ ಪಾಲಿಗೂ ಇಲ್ಲೊಂದು ವಿಧಿವಿಲಾಸವಿದೆ. ಶೇಷಾದ್ರಿ ಅಯ್ಯರ್ ೧೯೦೧ರಲ್ಲಿ ತೀರಿಕೊಂಡರು. ಮುಗಿದ ಕಟ್ಟೆಯನ್ನು ನೋಡಲಿಲ್ಲ. ಮಹಾರಾಣಿಯವರ ಆಳಿಕೆ ೧೯೦೨ಕ್ಕೆ ಕೊನೆಗೊಂಡಿತ್ತು. ಹಾಗಿದ್ದರೂ ಅವರ ಹೆಸರುಗಳು ಉಳಿದವು, ಉಳಿಯತಕ್ಕವೇ. ಬರದ ಸೀಮೆಗೆ ನೀರು ಬೇಕೆಂದು ಎಣಿಸಿ ಬೊಕ್ಕಸ ಬಿಚ್ಚಿದವರನ್ನು ನೆನೆಯದಿರುವುದು ಕೃತಘ್ನತೆ. ಆದರೆ ಸುಡುಬಿಸಿಲಿನಲ್ಲಿ ಉಳಿ ಹಿಡಿದು ಕಲ್ಲು ಸೀಳಿದವರು? ಗಾರೆ ಅರೆದವರು? ಮಗುವನ್ನು ಮರದ ನೆರಳಿನಲ್ಲಿ ಜೋಲಿ ಕಟ್ಟಿ ಮಲಗಿಸಿ ಮಂಕರಿ ಹೊತ್ತ ತಾಯಂದಿರು? ಹತ್ತು ವರ್ಷದ ಕೆಲಸವೆಂದರೆ ಆ ಜೋಲಿಯ ಮಗು ತಾನೇ ಮಂಕರಿ ಹೊರುವಷ್ಟು ದೊಡ್ಡದಾಗಿರುತ್ತದೆ.

೧೯೩೩ರಲ್ಲಿ ಸಾಗರ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಸುತ್ತಣ ತಾಲ್ಲೂಕುಗಳಿಂದ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಕೆರೆ ತುಂಬಿದರೆ ಗಂಗಮ್ಮನಿಗೆ ಬಾಗಿನ ಕೊಡುವುದು ನಮ್ಮ ಪದ್ಧತಿ, ಒಳ್ಳೆಯ ಪದ್ಧತಿ. ಅಂದು ಹರಿದ ನೀರನ್ನು ಎಲ್ಲರೂ ನೋಡಿದರು. ಆ ಭಾರವನ್ನು ಎದೆಯೊಡ್ಡಿ ತಡೆದು ನಿಂತ ಗೋಡೆಯನ್ನು ಎಷ್ಟು ಮಂದಿ ನೋಡಿದರು? ಕಟ್ಟಿದವರು ಕಾಲವಾಗಿ ಎಷ್ಟೋ ದಿನವಾಯಿತು. ಅವರ ಕಲ್ಲಿನ ಕೆಲಸ ಪರೀಕ್ಷೆಗೆ ನಿಂತು ತೇರ್ಗಡೆಯಾಯಿತು. ಒಳ್ಳೆಯ ಕೆಲಸಗಾರನಿಗೆ ಇಂಥ ಮೌನವೇ ಸಹಿ. ಅದನ್ನು ಓದುವ ಕಣ್ಣು ನಮ್ಮಲ್ಲಿರಬೇಕು.

ಇಷ್ಟು ಹೊತ್ತು ಮೆಚ್ಚಿಗೆ ಪಡೆದವರ, ಪಡೆಯದವರ ಮಾತಾಯಿತು. ಮೆಚ್ಚಿದವರ ಮಾತೂ ಇತಿಹಾಸದಲ್ಲಿ ಬರಬೇಕಲ್ಲವೆ? ಅದಕ್ಕೂ ನಮ್ಮ ಜಿಲ್ಲೆಯಲ್ಲೇ ಒಬ್ಬರಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ೧೮೮೫ರಲ್ಲಿ ಹುಟ್ಟಿದ ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರು. ದುರ್ಗದ ನಾಯಕರ ಕಾದಂಬರಿಗಳನ್ನು ಬರೆದ ತ. ರಾ. ಸುಬ್ಬರಾಯರು ಇದೇ ಮನೆತನದವರು. ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿದರು, ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ಸೇರಿ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದರು. ಅವರ ವಿದ್ವತ್ತಿಗೆ ಹೋಲಿಸಿದರೆ ಬರೆದದ್ದು ಕಡಿಮೆ. ಅವರ ವೇಳೆಯೆಲ್ಲ ಏನಾಯಿತು? ಬೇರೆಯವರ ಬರೆಹವನ್ನು ಓದುವುದರಲ್ಲಿ, ಎಳೆಯ ಕವಿಗಳ ಬೆನ್ನಿಗೆ ನಿಲ್ಲುವುದರಲ್ಲಿ ಕಳೆಯಿತು. ತತ್ತ್ವಶಾಸ್ತ್ರದ ಕಡೆಗೆ ಮನಸ್ಸಿದ್ದ ಒಬ್ಬ ತರುಣನನ್ನು ಕನ್ನಡ ಎಂ. ಎ. ತರಗತಿಗೆ ಕರೆತಂದವರು ಅವರೇ. ಆ ತರುಣ ಕೆ. ವಿ. ಪುಟ್ಟಪ್ಪ.

ಕುವೆಂಪು ಅವರು ೧೯೩೬ರಲ್ಲಿ ‘ಶ್ರೀರಾಮಾಯಣ ದರ್ಶನಂ’ ಕೃತಿಯನ್ನು ಆರಂಭಿಸಿದರು, ಮುಗಿಸಿದ್ದು ೧೯೪೬ರಲ್ಲಿ. ನಡುವೆ, ೧೯೩೯ರಲ್ಲಿ, ವೆಂಕಣ್ಣಯ್ಯನವರು ತೀರಿಕೊಂಡರು. ಆ ಮಹಾಕಾವ್ಯವನ್ನು ಶಿಷ್ಯ ತನ್ನ ಗುರುವಿಗೇ ಅರ್ಪಿಸಿದರು. ಕನ್ನಡಕ್ಕೆ ಮೊದಲ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಗ್ರಂಥದ ಬಾಗಿಲಲ್ಲೇ ತಳುಕಿನ ಆ ಮೇಷ್ಟರು ನಿಂತಿದ್ದಾರೆ. ಗುರುವಿನ ಮೆಚ್ಚಿಗೆ ಶಿಷ್ಯನಿಗೆ ಬೇಕಾದ ಹೊತ್ತಿಗೆ, ಹೆಸರಿನ್ನೂ ಆಗದಿದ್ದಾಗ, ಒದಗಿತು. ಶಿಷ್ಯನ ಕಾಣಿಕೆ ಮುಗಿಯುವ ಹೊತ್ತಿಗೆ ಗುರು ಇರಲಿಲ್ಲ. ಇದು ಯಾರ ತಪ್ಪೂ ಅಲ್ಲ, ಕಾಲದ ಕ್ರೂರತೆ. ಆದರೆ ನಮ್ಮ ನಿಮ್ಮ ಮನೆಗಳಲ್ಲಿ ಕಾಲದ ಮೇಲೆ ಹೊರಿಸಲಾಗದ ತಪ್ಪುಗಳು ಎಷ್ಟಿಲ್ಲ? ಬದುಕಿದ್ದಾಗ ಒಂದು ಒಳ್ಳೆಯ ಮಾತಾಡದೆ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ “ಅವರಂಥ ಕೈರುಚಿ ಇನ್ನೆಲ್ಲಿ” ಎನ್ನುವವರು ನಾವು.

ಮೆಚ್ಚಿಗೆಯನ್ನು ತಾನು ಪಡೆಯದೆ ಬೇರೆಯವರಿಗೆ ದಾಟಿಸಿದ ಒಬ್ಬರ ಮಾತು ಹೇಳಿ ಮುಗಿಸುತ್ತೇನೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ಬೆಳೆಸಿದ ರಾಘವೇಂದ್ರ ಸ್ವಾಮೀಜಿಯವರನ್ನು ಯೋಗದ ಗುರುಗಳಾಗಿ, ಆಯುರ್ವೇದದ ವೈದ್ಯರಾಗಿ ನಾಡು ಬಲ್ಲದು. ೧೯೯೬ರಲ್ಲಿ ಅವರು ತೀರಿಕೊಂಡರು. ಬರೆಯುವಾಗ ಅವರು ಇಟ್ಟುಕೊಂಡ ಹೆಸರು ‘ತಿರುಕ’. ಆತ್ಮಕಥೆಗೆ ಕೊಟ್ಟ ಹೆಸರು ‘ಜೋಳಿಗೆಯ ಪವಾಡ’. ಶಾಲೆ, ಆಸ್ಪತ್ರೆ, ಆಶ್ರಮ ಎಲ್ಲವನ್ನೂ ಕಟ್ಟಿಸಿದವನು ತಾನೆಂದು ಹೇಳಿಕೊಳ್ಳಬಹುದಾಗಿತ್ತು. ಅವರು ಪವಾಡವನ್ನು ಜೋಳಿಗೆಗೆ ಬಿಟ್ಟುಕೊಟ್ಟರು. ಜೋಳಿಗೆ ತನಗೆ ತಾನೇ ತುಂಬುವುದಿಲ್ಲ. ಒಂದು ಹಿಡಿ ರಾಗಿ, ಒಂದು ಪಾವು ಜೋಳ ಹಾಕಿದ ಕೈಗಳು ಬೇಕು. ಪುಸ್ತಕದ ಹೆಸರಿನಲ್ಲೇ ಆ ಕೈಗಳನ್ನೆಲ್ಲ ನೆನೆದಂತಾಯಿತು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ ೧೯೯೭ರಿಂದ ವರ್ಷಕ್ಕೆ ಮೂರು ನಾಟಕಗಳನ್ನು ಊರೂರಿಗೆ ಒಯ್ಯುತ್ತ ಬಂದಿದೆ. ನೀವು ಕನ್ನಡ ನಾಟಕ ನೋಡುವವರಾದರೆ, ಆಟ ಮುಗಿದ ಮೇಲೆ ನಡೆಯುವ ಒಂದು ಪದ್ಧತಿಯನ್ನು ಬಲ್ಲಿರಿ. ಪಾತ್ರಧಾರಿಗಳ ಪರಿಚಯವಾದ ಮೇಲೆ ಬೆಳಕಿನವರು, ಪ್ರಸಾಧನದವರು, ಪರಿಕರ ಒದಗಿಸಿದವರು ಒಬ್ಬೊಬ್ಬರೇ ಕೈಮುಗಿಯುತ್ತ ಬಂದು ನಿಲ್ಲುತ್ತಾರೆ. ಆ ಹೊತ್ತಿಗೆ ಕೊನೆಯ ಬಸ್ಸಿನ ನೆನಪಾಗಿ ಎದ್ದುಹೋಗುವವರು ಹಲವರು. ಕುಳಿತವರು ಕೆಲವರು. ನಾಟಕವನ್ನು ಪೂರ್ತಿ ನೋಡಿದವರು ಆ ಕೆಲವರೇ ಎಂದು ನನ್ನ ಎಣಿಕೆ.

ಇದನ್ನು ಬರೆಯುವ ನಾನೇನೂ ಇದರಲ್ಲಿ ಪಳಗಿದವನಲ್ಲ. ಒಂದು ಬೇಸಗೆಯಲ್ಲಿ ನಮ್ಮ ಬೀದಿಗೆ ಎಂಟು ದಿನ ನೀರು ಬರಲಿಲ್ಲ. ಒಂಬತ್ತನೆಯ ದಿನ ನಡುರಾತ್ರಿ ಗುಂಡಿಯಲ್ಲಿ ಇಳಿದು ಕೊಳವೆ ಸರಿಮಾಡಿ ನೀರು ಬಿಟ್ಟವನನ್ನು ನಾನು ಕಿಟಕಿಯಿಂದ ನೋಡಿದೆ. “ಬಂತಪ್ಪ” ಎಂದುಕೊಂಡು ಕೊಡ ಹಿಡಿದು ಓಡಿದೆ. ಬೆಳಗ್ಗೆ ನನ್ನ ಮೊಮ್ಮಗಳು ಅವನನ್ನು ಹೆಸರು ಹಿಡಿದು ಮಾಮ ಎಂದು ಕರೆದು, ಕಾಫಿ ಬೇಕೆ ಎಂದು ಕೇಳುತ್ತಿದ್ದಳು. ಆರು ವರ್ಷದಿಂದ ನಮ್ಮ ಬೀದಿಗೆ ನೀರು ಬಿಡುವವನ ಹೆಸರು ಅಂದು ನನಗೆ ತಿಳಿಯಿತು. ಚಪಡನ ಹೆಸರು ಬಲ್ಲ ನನಗೆ ಅವನ ಹೆಸರು ಗೊತ್ತಿರಲಿಲ್ಲ. ನಾಚಿಕೆಯಾಯಿತು.

ವಾಣೀವಿಲಾಸ ಸಾಗರವನ್ನು ಕಟ್ಟಿದವರ ಹೆಸರನ್ನು ನಾವು ಇನ್ನು ಕೇಳಿ ತಿಳಿಯಲಾರೆವು. ಅಲ್ಲಿಂದ ಬಂದ ನೀರನ್ನು ನಿಮ್ಮ ಬಾಗಿಲಿಗೆ ತಿರುಗಿಸುವವನ ಹೆಸರನ್ನು ಕೇಳಬಹುದು. ಅವನು ಇನ್ನೂ ಬೀದಿಯಲ್ಲೇ ಇದ್ದಾನೆ. ಮುಂದಿನ ಸಲ ರೇಡಿಯೋದಲ್ಲಿ ಕಚೇರಿ ಮೊದಲಾಗುವಾಗ ಕುರ್ಚಿಯನ್ನು ಮುಂಚೆಯೇ ಎಳೆದುಕೊಂಡುಬಿಡಿ. ಹಾಡಿಗೆ ಇನ್ನೂ ಅರ್ಧ ನಿಮಿಷವಿರುತ್ತದೆ. ಮೃದಂಗ ಯಾರದೆಂದು ಕೇಳಿಸಿಕೊಳ್ಳಲು ಅಷ್ಟು ಸಾಕು.